ಒಂದು ಚಮಚ ಹೆಪ್ಪು

ಚಂದ್ರಹಾಸನ ಬಾಳು ಕೆಟ್ಟದ್ದು ಒಂದು ಚಮಚ ಹೆಪ್ಪಿನಿಂದ. ಹಾಲು ಮೊಸರಾಗಲಿ ಅಂತ ಹಾಕಿಡುತ್ತೇವಲ್ಲ, ಅದೇ ಹೆಪ್ಪು. ಅದರಿಂದ ಹಾಲು ಕೆಡಬಹುದು, ಮನುಷ್ಯ ಕೆಡುತ್ತಾನೆ ಅಂದರೆ ಯಾರು ನಂಬುತ್ತಾರೆ? ಅವನೂ ನಂಬುತ್ತಿರಲಿಲ್ಲ, ವಿಜ್ಞಾನ ಓದಿದವನು.

ಮೊದಲು ಅವನ ಉದ್ಯೋಗದ ವಿಚಾರ ಹೇಳಿಬಿಡಬೇಕು. ಭದ್ರಾವತಿಯಿಂದ ಕಾಡಿನ ಕಡೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಹೋಗುವ ರಸ್ತೆಯ ಕೊನೆಯಲ್ಲಿ ಮತ್ತಿಹಕ್ಕಲು ಎಂಬ ಊರಿದೆ. ಊರು ಅಂದರೆ ಹತ್ತು ಹದಿನೈದು ಮನೆ, ಒಂದು ಅಂಗಡಿ. ಅಲ್ಲಿಂದಾಚೆ ಮರಗಳ ನಡುವೆ ಇನ್ನಷ್ಟು ನಡೆದರೆ ಒಂದು ಸಂಶೋಧನಾ ಕೇಂದ್ರ. ತಗಡಿನ ಮಾಡಿನ ಪ್ರಯೋಗಶಾಲೆ, ಪಕ್ಕದಲ್ಲಿ ಎರಡು ಕೋಣೆಯ ಕ್ವಾರ್ಟರ್ಸು, ಅಷ್ಟೆ. ಕಾಡಿನ ತುಂಬ ಮರಗಳ ಕೆಳಗೆ ಬಲೆ ಕಟ್ಟಿದ್ದಾರೆ. ಬಲೆಗೆ ಬಿದ್ದ ತರಗೆಲೆಗಳನ್ನು ತಂದು, ಓವನ್ನಿನಲ್ಲಿ ಒಣಗಿಸಿ, ತೂಕ ಮಾಡಿ, ಬೆಂಗಳೂರಿಗೆ ವರದಿ ಕಳಿಸುವುದು ಚಂದ್ರಹಾಸನ ಕೆಲಸ.

ಕಾಡು ವರ್ಷಕ್ಕೆ ಎಷ್ಟು ಎಲೆ ಉದುರಿಸುತ್ತದೆ ಎಂಬ ಲೆಕ್ಕ ದೇಶಕ್ಕೆ ಯಾಕೆ ಬೇಕು ಅಂತ ಅವನು ಬಂದ ಹೊಸತರಲ್ಲಿ ಊರಿನವರನ್ನು ಕೂರಿಸಿಕೊಂಡು ವಿವರಿಸಿದ್ದ. ಅವರೂ ಪೂರ್ತಿ ಕೇಳಿದರು. ಕೇಳಿ, ತರಗೆಲೆ ತೂಗುವುದಕ್ಕೂ ಸಂಬಳ ಕೊಡ್ತಾರಲ್ಲ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು. ಆಮೇಲೊಂದು ದಿನ ಹೆಂಗಸರು ಕೊಟ್ಟಿಗೆಗೆ ಹಾಸಲು ಒಣಗಿದ ಎಲೆಯ ದರಗು ಗುಡಿಸಲು ಬಂದವರು ಅವನ ಬಲೆಗಳನ್ನೂ ಬೋರಲು ಹಾಕಿ ಬುಟ್ಟಿ ತುಂಬಿಕೊಂಡರು. ಪಾಪ, ನಮಗೆ ಅನುಕೂಲ ಆಗಲಿ ಅಂತಲೇ ಒಂದೊಂದು ಕಡೆ ಕೂಡಿಹಾಕಿದ್ದಾನೆ ಅಂದುಕೊಂಡಿದ್ದರಂತೆ. ಚಂದ್ರಹಾಸ ಅಂಗಡಿಯ ಮುಂದೆ ನಿಂತು ಕೂಗಾಡಿದ. ಅಲ್ಲಿಗೆ ಊರಿಗೂ ಅವನಿಗೂ ಮಾತು ನಿಂತಿತು. ಮೂರು ವರ್ಷವಾಯಿತು, ಅವನು ಯಾರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

ಇದರಿಂದ ಅವನಿಗೇನೂ ನಷ್ಟವಿರಲಿಲ್ಲ. ನಿಜ ಹೇಳಬೇಕೆಂದರೆ ಹಾಯಾಗಿಯೇ ಇದ್ದ. ತೊಂದರೆ ಶುರುವಾದದ್ದು ಮದುವೆಯ ಮಾತು ಬಂದಾಗ. ಹೆಣ್ಣಿನ ಕಡೆಯವರು ಹುಡುಗನ ಅಕ್ಕಪಕ್ಕದವರನ್ನು ಗುಟ್ಟಾಗಿ ವಿಚಾರಿಸದೆ ಮುಂದಿನ ಹೆಜ್ಜೆ ಇಡುವುದುಂಟೆ? ಕೇಂದ್ರಕ್ಕೆ ದಾರಿ ಕೇಳಬೇಕಾದರೆ ಎಲ್ಲರೂ ಬಸ್ಸಿಳಿದು ದುರ್ಗಮ್ಮನ ಅಂಗಡಿಯಲ್ಲೇ ಕೇಳಬೇಕು. ದುರ್ಗಮ್ಮ ಟೀ ಕೊಟ್ಟು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುತ್ತಿದ್ದಳು. "ಆ ಎಲೆ ತೂಗೋನಾ? ಯಾರ ಮನೆಗೂ ಹೋಗಲ್ಲ, ಯಾರನ್ನೂ ಕರೆಯಲ್ಲ. ನಾವಾಗೇ ಮಾತಾಡ್ಸಿದ್ರೆ ಮುಖ ತಿರುಗಿಸಿ ಮರ ನೋಡ್ತಾನೆ. ಅವನ ಮನೆ ಕಡೆ ನರಪಿಳ್ಳೆನೂ ಸುಳಿಯಲ್ಲ." ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಂದವರು ಅದೇ ಬಸ್ಸಿಗೆ ವಾಪಸ್ಸು ಹೊರಟುಬಿಡುತ್ತಿದ್ದರು. ಹೀಗೆ ಎಷ್ಟೋ ಸಂಬಂಧಗಳು ಆ ಅಂಗಡಿಯ ಬೆಂಚಿನ ಮೇಲೇ ಮುರಿದುಬಿದ್ದವು. ಅವನಿಗೆ ಮೂವತ್ತಾರು ತುಂಬಿತು.

ಇಂಥ ಹೊತ್ತಿನಲ್ಲಿ ಸಮತಾ ಸಿಕ್ಕಳು. ಭದ್ರಾವತಿಯವಳು, ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಶಿವಮೊಗ್ಗದ ಒಂದು ಹೋಟೆಲಿನಲ್ಲಿ ಇಬ್ಬರನ್ನೂ ಒಂದು ಮೇಜಿಗೆ ಕೂರಿಸಿ ಹಿರಿಯರು ದೂರ ಕೂತರು. ದೋಸೆ ಬಂತು, ಮುಗಿಯಿತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಯಾರ ಎದುರಿಗಾದರೂ ಅಷ್ಟು ನೆಮ್ಮದಿಯಾಗಿ ಸುಮ್ಮನೆ ಕೂತದ್ದು ಚಂದ್ರಹಾಸನಿಗೆ ನೆನಪೇ ಇರಲಿಲ್ಲ. ಇವಳೇ ಆಗಬೇಕು ಅಂತ ಅವನ ಮನಸ್ಸು ಅಲ್ಲೇ ಹಠ ಹಿಡಿಯಿತು. ಕಾಫಿ ಬಂದಾಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ನಿಮ್ಮ ಮನೆ ಸುತ್ತ ಯಾರೂ ಇರಲ್ವಾ?"

"ಯಾರೂ ಇಲ್ಲ," ಅಂದು ಅವನು ಅಪರಾಧಿಯ ಹಾಗೆ ತಲೆ ತಗ್ಗಿಸಿದ.

ಅವಳು ಲೋಟ ಕೆಳಗಿಟ್ಟು ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಆ ಉಸಿರು ಅವನ ಎದೆಗೆ ನಾಟಿತು. ಊರು ಕೇರಿಯ ನಡುವೆ ಬೆಳೆದ ಹುಡುಗಿ, ಕಾಡು ಅಂದರೆ ಹೆದರದೆ ಇರುತ್ತಾಳೆಯೇ? ಅವನು ಆ ಉಸಿರನ್ನೇ ನೆನೆದುಕೊಂಡು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗದ ವಿನೋಬನಗರದಿಂದ ತಾಯಿ ವಿಮಲಮ್ಮನ ಫೋನು ಬಂತು. ಕೇಂದ್ರದಲ್ಲಿ ಸಿಗ್ನಲ್ ಸಿಗುವುದು ಹಿತ್ತಲಿನ ಒಂದು ಬಂಡೆಯ ಮೇಲೆ ಮಾತ್ರ. ಚಂದ್ರಹಾಸ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಹತ್ತಿದ. ಸಮತಾಳ ಸೋದರಮಾವ ಕೃಷ್ಣಪ್ಪನವರು ಅವಳನ್ನೂ ಕರೆದುಕೊಂಡು ಮಧ್ಯಾಹ್ನ ಕೇಂದ್ರಕ್ಕೇ ಬರುತ್ತಿದ್ದಾರಂತೆ. ಯಾಕೆ ಅಂತ ಕೇಳಿದ್ದಕ್ಕೆ ವಿಮಲಮ್ಮ, "ಇನ್ಯಾಕೆ ಬರ್ತಾರೆ ಚಂದ್ರು, ವಿಚಾರಿಸೋಕೆ! ಆ ಅಂಗಡಿಯೋಳ ಬಾಯಿ ಇವತ್ತೊಂದು ದಿನ ಹೆಂಗಾದ್ರೂ ಕಟ್ಟು. ಇದೂ ತಪ್ಪಿದ್ರೆ ನನ್ನ ಕೈಲಿ ಇನ್ನೊಂದು ಹೆಣ್ಣು ನೋಡೋಕಾಗಲ್ಲಪ್ಪ," ಅಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಅದನ್ನು ಕೇಳಿ ಚಂದ್ರಹಾಸನಿಗೆ ಅಳು ಬಂದ ಹಾಗಾಯಿತು.

ಕೇಂದ್ರದಲ್ಲಿ ಅಡುಗೆಗೂ ಕಾವಲಿಗೂ ಇದ್ದವನು ಜಂಬಣ್ಣ ಒಬ್ಬನೇ. ಅವನು ಮತ್ತಿಹಕ್ಕಲಿನವನೇ. ಒಂದೇ ಬೆಳಿಗ್ಗೆಯಲ್ಲಿ ಊರಿನವರ ಜೊತೆ ರಾಜಿಯಾಗುವುದು ಹೇಗೆ, ಮನೆಗೊಂದು ಕೆಜಿ ಸ್ವೀಟು ಹಂಚಲೇ ಅಂತ ಚಂದ್ರಹಾಸ ಕೇಳಿದ.

"ಕೊಡೋಕೆ ಹೋಗ್ಬೇಡಿ ಸಾರ್, ಅನುಮಾನ ಪಡ್ತಾರೆ," ಅಂದ ಜಂಬಣ್ಣ. "ಕೇಳೋಕೆ ಹೋಗಿ. ಹೆಪ್ಪು ಕೇಳಿ. ಹೆಪ್ಪು ಯಾರೂ ಹೊರಗಿನೋರ ಹತ್ರ ಕೇಳಲ್ಲ. ಕೇಳಿದ್ರಿ ಅಂದ್ರೆ ಊರೋರಾದ್ರಿ. ಹೊತ್ತು ಮುಳುಗಿದ ಮೇಲೆ ಕೊಡಲ್ಲ, ಈಗ್ಲೇ ಹೋಗಿ."

ಚಂದ್ರಹಾಸ ಒಂದು ಸ್ಟೀಲ್ ಬಟ್ಟಲು ಹಿಡಿದು ಹೊರಟ. ಅಂಗಡಿಯ ಮುಂದೆ ನಿಂತು, ನೆಲ ನೋಡುತ್ತ, ಸ್ವಲ್ಪ ಹೆಪ್ಪಿದ್ದರೆ ಬೇಕಾಗಿತ್ತು ಅಂದ. ದುರ್ಗಮ್ಮ ಸೋಸುತ್ತಿದ್ದ ಟೀ ಲೋಟದಾಚೆ ಸುರಿದುಹೋಯಿತು. ಬೆಂಚಿನ ಮೇಲಿದ್ದವರು ಇವನ ಕಡೆ ತಿರುಗಿದರು. ಬೈಗುಳ ಬರುತ್ತದೆ ಅಂತ ಅವನು ಕಣ್ಣು ಮುಚ್ಚಿಕೊಂಡ.

"ಮೂರು ವರ್ಷ ಮೊಸರಿಲ್ದೆ ಹೆಂಗೆ ಉಣ್ತಿದ್ದೆ ಮಾರಾಯ?"

ಭದ್ರಾವತಿಯಿಂದ ತಂದ ಪ್ಯಾಕೆಟ್ ಮೊಸರು ಫ್ರಿಜ್ಜಿನಲ್ಲಿ ತುಂಬಿತ್ತು. ಅದನ್ನು ಹೇಳುವ ಧೈರ್ಯ ಅವನಿಗಾಗಲಿಲ್ಲ. ದುರ್ಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ಒಳಗೆ ಕರೆದು ಚಾಪೆ ಹಾಸಿದಳು. ಅವನ ವಯಸ್ಸು, ಸಂಬಳ, ತಾಯಿಯ ಮಂಡಿನೋವು, ಮದುವೆ ಯಾಕೆ ಆಗಿಲ್ಲ ಎಂಬುದು ಎಲ್ಲ ಕೇಳಿದಳು. ಕೊನೆಯ ಪ್ರಶ್ನೆಗೆ ಉತ್ತರ ಅವಳೇ ಅಂತ ಹೇಳಲಾರದೆ ಅವನು ಎರಡು ಲೋಟ ಟೀ ಕುಡಿದ. ಎದ್ದಾಗ ಬಟ್ಟಲಿನಲ್ಲಿ ಹೆಪ್ಪು, ಹೆಗಲ ಮೇಲೆ ದುರ್ಗಮ್ಮನ ಕೈ ಇತ್ತು.

ಅಲ್ಲಿಂದ ನೇರ ಮನೆಗೆ ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಅವನು ಓದಿದವನು. ಒಂದು ಮರದ ಎಲೆ ತೂಗಿ ಇಡೀ ಕಾಡಿನ ಮಾತು ಹೇಳಬಾರದು ಅಂತ ಕಲಿತವನು. ಕೃಷ್ಣಪ್ಪನವರು ದುರ್ಗಮ್ಮನನ್ನು ಬಿಟ್ಟು ಬೇರೆಯವರನ್ನು ವಿಚಾರಿಸಿದರೆ? ಹೀಗೆ ಯೋಚಿಸಿ ಅವನು ಅದೇ ಬಟ್ಟಲು ಹಿಡಿದು ಎದುರು ಮನೆಯ ವಿಶಾಲಮ್ಮನ ಬಾಗಿಲಿಗೆ ಹೋದ.

ವಿಶಾಲಮ್ಮ ಬಟ್ಟಲಿನೊಳಗೆ ಬಗ್ಗಿ ನೋಡಿದಳು. ಆಗಲೇ ಇದೆಯಲ್ಲ, ಯಾರ ಮನೆಯದು ಅಂತ ಕೇಳಿದಳು. ಅವನು ಹೇಳಿದ. ದುರ್ಗಿ ಮನೆ ಹೆಪ್ಪು ಲೋಳೆ ಬರುತ್ತದೆ, ಅದನ್ನು ಬಿಟ್ಟು ನನ್ನ ಹತ್ತಿರ ಬಂದೆಯಲ್ಲ, ಬುದ್ಧಿವಂತ ಅಂದಳು. ತನ್ನದೇ ಬಟ್ಟಲಿನಲ್ಲಿ ಎರಡು ಚಮಚ ಹೆಚ್ಚಾಗಿಯೇ ಹಾಕಿಕೊಟ್ಟಳು. ಪಕ್ಕದ ಮನೆಯವರು ಬೇಲಿಯಿಂದಲೇ ಕೇಳಿಸಿಕೊಂಡು, ಹಾಗಾದರೆ ನಮ್ಮ ಮನೆಯದೇನು ಪಾಪ ಮಾಡಿತ್ತು ಅಂತ ಅವನನ್ನು ಒಳಗೆ ಎಳೆದರು. ಆಮೇಲೆ ಅವನು ಕೇಳಬೇಕಾಗಿಯೇ ಇರಲಿಲ್ಲ. ಬಾಗಿಲು ಬಾಗಿಲಿನಲ್ಲೂ ಬಟ್ಟಲು ಹಿಡಿದು ನಿಂತಿದ್ದರು.

ಬಟ್ಟಲುಗಳನ್ನು ಯಾರದೋ ಮೊರದಲ್ಲಿ ಜೋಡಿಸಿಕೊಂಡು ಬಂದ ಸಾಹೇಬನನ್ನು ನೋಡಿ ಜಂಬಣ್ಣ ಹಣೆ ಚಚ್ಚಿಕೊಂಡ. ಒಂದು ಮನೆಯಲ್ಲಿ ಹೆಪ್ಪು ತೆಗೆದುಕೊಂಡ ಮೇಲೆ ಅದೇ ದಿನ ಇನ್ನೊಂದು ಮನೆಯಲ್ಲಿ ಕೇಳಿದರೆ, ಮೊದಲನೆಯವರ ಮೊಸರನ್ನು ಊರೆದುರು ಉಗಿದ ಹಾಗಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಚಂದ್ರಹಾಸ ರೇಗಿದ. "ಇದನ್ನೂ ಹೇಳ್ಬೇಕಾ ಸಾರ್?" ಅಂತ ಜಂಬಣ್ಣನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

ಈಗ ಯಾರ ಹೆಪ್ಪನ್ನೂ ಚೆಲ್ಲುವ ಹಾಗಿರಲಿಲ್ಲ. ಜಂಬಣ್ಣ ಹಾಲು ತರಲು ಊರಿಗೆ ಓಡಿದ. ಮಧ್ಯಾಹ್ನದೊಳಗೆ ಮೊಸರು ಕಟ್ಟಬೇಕಲ್ಲ, ಚಂದ್ರಹಾಸ ಎಲೆ ಒಣಗಿಸುವ ಓವನ್ನಿನ ಬಿಸಿ ತಗ್ಗಿಸಿ ಎಲ್ಲ ಬಟ್ಟಲಿಗೂ ಹಾಲೆರೆದು ಒಳಗಿಟ್ಟ. ಎಲೆಯ ಚೀಲಕ್ಕೆ ಚೀಟಿ ಅಂಟಿಸಿ ಅಂಟಿಸಿ ಕೈಗೆ ಅಭ್ಯಾಸವಾಗಿತ್ತು. ಬಟ್ಟಲಿಗೊಂದು ಚೀಟಿ ಹಚ್ಚಿ ಮನೆಯವರ ಹೆಸರು ಬರೆದ. ಅದನ್ನು ನೋಡಿದ ಜಂಬಣ್ಣ ಇನ್ನೊಂದು ಸಲ ಹಾಲಿಗೆ ಹೋದಾಗ, ಸಾಹೇಬರು ಎಲ್ಲರ ಹೆಪ್ಪನ್ನೂ ಮಿಷನ್ನಿಗೆ ಹಾಕಿದ್ದಾರೆ ಅಂದ. ಅವನು ಅಂದದ್ದು ಅಷ್ಟೇ. ಮತ್ತಿಹಕ್ಕಲಿನ ಮೊಸರುಗಳ ಸರ್ಕಾರಿ ಪರೀಕ್ಷೆ ನಡೆಯುತ್ತಿದೆ, ಮಧ್ಯಾಹ್ನ ಫಲಿತಾಂಶ ಅಂತ ಊರು ಉಳಿದದ್ದನ್ನು ತಾನೇ ಸೇರಿಸಿಕೊಂಡಿತು.

ಊಟದ ಹೊತ್ತು ಕಳೆಯುವ ಮೊದಲೇ ಊರಿನ ಹೆಂಗಸರೆಲ್ಲ ಮದುವೆ ಮನೆಗೆ ಹೊರಟ ಹಾಗೆ ಒಳ್ಳೆಯ ಸೀರೆಯುಟ್ಟು ಕೇಂದ್ರಕ್ಕೆ ಬಂದರು. ಅವರ ಹಿಂದೆ ಗಂಡಸರು ಬಂದರು. ಇಬ್ಬರು ಓವನ್ನಿಗೆ ಕಾವಲು ನಿಂತರು, ಯಾರೂ ಯಾರ ಬಟ್ಟಲನ್ನೂ ಮುಟ್ಟದಿರಲಿ ಅಂತ. ಮಿಕ್ಕವರು ಕ್ವಾರ್ಟರ್ಸಿಗೆ ನುಗ್ಗಿದರು. ಒಬ್ಬಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಹೊಸದಾಗಿ ಜೋಡಿಸಿದಳು. ಇನ್ನೊಬ್ಬಳು ಕಪಾಟು ತೆಗೆದು ಬನಿಯನ್ನುಗಳನ್ನು ಎಣಿಸಿದಳು. ಯಾರೋ ಮಂಚದ ದಿಕ್ಕು ಸರಿಯಿಲ್ಲ ಅಂತ ತಿರುಗಿಸಿದರು. ಚಂದ್ರಹಾಸನಿಗೆ ಉಸಿರು ಕಟ್ಟಿತು. ಆದರೂ ಸಮತಾಳ ಆ ನಿಟ್ಟುಸಿರು ನೆನೆದು ಸಹಿಸಿಕೊಂಡ. ನೋಡಲಿ, ಎಷ್ಟು ಜನರಿದ್ದಾರೆ ಅಂತ ಕಣ್ಣಾರೆ ನೋಡಲಿ.

ಆಗ ಹೊರಗೆ ಕಾರು ನಿಂತಿತು.

ಕೃಷ್ಣಪ್ಪನವರು ತೋಳಿನಲ್ಲಿ ಹಣ್ಣಿನ ಬುಟ್ಟಿ ಹಿಡಿದು ಇಳಿದರು. ಸಮತಾ ಇಳಿದು ಮರಗಳ ತುದಿಯತ್ತ ನೋಡಿ ನಸುನಕ್ಕಳು. ಅಷ್ಟರಲ್ಲಿ ಜಗಲಿಯಿಂದ ಜನ ಇಳಿದು ಬಂದು ಸುತ್ತುವರಿದರು. ಕೃಷ್ಣಪ್ಪನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಕೇಳಲು ಅವರಿಗೆ ಸಂದೇ ಸಿಗಲಿಲ್ಲ. ಹುಡುಗ ಅಪರಂಜಿ, ಅವನಿಲ್ಲದೆ ಊರಿನಲ್ಲಿ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ ಅಂತ ವಿಶಾಲಮ್ಮ ಶುರುಮಾಡಿದಳು. ಮಿಕ್ಕವರು ಅದಕ್ಕಿಂತ ಒಂದು ಕೈ ಮೇಲೆ ಹೋದರು. ಫಲಿತಾಂಶ ಕೊಡುವವನು ಅವನೇ ತಾನೆ, ಯಾರು ಹೊಗಳಿಕೆಯಲ್ಲಿ ಕಡಿಮೆ ಮಾಡುತ್ತಾರೆ?

ದುರ್ಗಮ್ಮ ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ಮುಖ ಬಿಗಿದುಕೊಂಡು ನಿಂತಿದ್ದಳು. ಅವಳ ಹೆಪ್ಪನ್ನು ಮೊದಲು ತೆಗೆದುಕೊಂಡು ಆಮೇಲೆ ಊರೆಲ್ಲ ಸುತ್ತಿದ್ದು ಅವಳಿಗೆ ಗೊತ್ತಾಗಿತ್ತು. ಅವಳು ಬಾಯಿ ತೆರೆದರೆ ಎಲ್ಲ ಮುಗಿಯಿತು. ಓವನ್ನಿನಿಂದ ಬಟ್ಟಲುಗಳು ಹೊರಬಂದವು, ಎಲ್ಲದರಲ್ಲೂ ಮೊಸರು ಗಟ್ಟಿಯಾಗಿಯೇ ಕಟ್ಟಿತ್ತು. ಚಂದ್ರಹಾಸ ಒಂದೊಂದನ್ನೇ ರುಚಿ ನೋಡಿದ. ಭಯಕ್ಕೆ ನಾಲಿಗೆ ಒಣಗಿ ಒಂದರ ರುಚಿಯೂ ತಿಳಿಯಲಿಲ್ಲ. ಕೊನೆಗೆ ದುರ್ಗಮ್ಮನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಎಲ್ಲಾದೂ ಚೆನ್ನಾಗಿದೆ. ಆದ್ರೆ ಇದು ನಮ್ಮಮ್ಮ ಮಾಡೋ ಮೊಸರು."

ದುರ್ಗಮ್ಮನ ಮುಖ ಅರಳಿತು. ವಿಶಾಲಮ್ಮ ಸೆರಗು ಕೊಡವಿ ಎದ್ದಳು, ಆದರೆ ಅಷ್ಟರಲ್ಲಿ ದುರ್ಗಮ್ಮ ಸಮತಾಳ ಎರಡೂ ಕೈ ಹಿಡಿದುಕೊಂಡಿದ್ದಳು. "ಇವನು ನಮ್ಮನೆ ಮಗ ಕಣಮ್ಮ. ನೀನೇನೂ ಹೆದರ್ಬೇಡ. ಬೆಳಿಗ್ಗೆ ನಾನು ಬರ್ತೀನಿ, ಮಧ್ಯಾಹ್ನ ಇವ್ರು ಬರ್ತಾರೆ, ಸಂಜೆ ಎಲ್ರೂ ಇಲ್ಲೇ ಕೂರೋಣ. ನಿನ್ನ ಒಂದು ಗಳಿಗೆನೂ ಒಬ್ಳನ್ನೇ ಬಿಡಲ್ಲ."

ಚಂದ್ರಹಾಸನ ಎದೆ ತುಂಬಿಬಂತು. ಮೂರು ವರ್ಷದ ಶತ್ರು ಇಷ್ಟು ಚೆನ್ನಾಗಿ ಹೇಳಿಬಿಟ್ಟಳಲ್ಲ! ಸಮತಾಳ ಮುಖ ಬಿಳುಚಿಕೊಂಡಿತ್ತು. ಸಂತೋಷಕ್ಕೆ ಹೀಗೂ ಆಗುತ್ತದೆ ಅಂದುಕೊಂಡ.

ಹೊರಡುವಾಗ ಅವಳು ಕಾರಿನ ಹತ್ತಿರ ಒಂದು ಕ್ಷಣ ನಿಂತಳು. ಒಳಗಿನ ಗದ್ದಲ ಅಲ್ಲಿಗೂ ಕೇಳುತ್ತಿತ್ತು.

"ಇವ್ರೆಲ್ಲ ದಿನಾ ಬರ್ತಾರಾ?"

"ದಿನಾ," ಅಂದ ಚಂದ್ರಹಾಸ ಹೆಮ್ಮೆಯಿಂದ. "ನಮ್ಮನೇಲಿ ಬಾಗ್ಲು ಹಾಕೋ ಪದ್ಧತಿನೇ ಇಲ್ಲ."

"ಅವತ್ತು ಯಾರೂ ಇಲ್ಲ ಅಂದ್ರಿ."

"ಅವತ್ತು ಸಂಕೋಚ ಆಯ್ತು," ಅಂತ ಅವನು ನಕ್ಕ. ಸಮತಾ ನಗಲಿಲ್ಲ. ತಲೆಯಾಡಿಸಿ ಕಾರು ಹತ್ತಿದಳು. ಕೃಷ್ಣಪ್ಪನವರು ಮಾತ್ರ ಕಿಟಕಿಯಿಂದ ಕೈ ಹೊರಗೆ ಹಾಕಿ, ಇಂಥ ಊರು ಸಿಗಲು ಪುಣ್ಯ ಮಾಡಿರಬೇಕು ಅಂದರು.

ಹೊತ್ತು ಇಳಿಯುವ ವೇಳೆಗೆ ಚಂದ್ರಹಾಸ ಬಂಡೆಯ ಮೇಲೆ ಫೋನು ಹಿಡಿದು ಕೂತಿದ್ದ. ಮೊದಲನೆಯ ರಿಂಗಿಗೇ ಎತ್ತಿದ. ಆ ಕಡೆ ವಿಮಲಮ್ಮ ಇದ್ದರು.

"ಹುಡುಗಿ ಬೇಡ ಅಂದ್ಬಿಟ್ಲು ಕಣೋ."

ಅವನಿಗೆ ಅರ್ಥವೇ ಆಗಲಿಲ್ಲ. ಯಾರಾದರೂ ಕೆಟ್ಟದ್ದು ಹೇಳಿದರೇ ಅಂತ ಕೇಳಿದ. ವಿಮಲಮ್ಮ ಅಳು ನುಂಗಿಕೊಂಡು ಒಂದೊಂದೇ ಹೇಳಿದರು. ಸಮತಾ ಇರುವುದು ಭದ್ರಾವತಿಯಲ್ಲಿ ಗೋಡೆಗೆ ಗೋಡೆ ಅಂಟಿದ ಸಾಲುಮನೆಯಲ್ಲಿ. ಇವರು ಒಗ್ಗರಣೆ ಹಾಕಿದರೆ ಪಕ್ಕದವರು ಇಂಗು ಜಾಸ್ತಿಯಾಯಿತು ಅನ್ನುವಂಥ ಜಾಗ. ಹುಟ್ಟಿದಾಗಿನಿಂದ ಅವಳ ಮನೆಯ ಬಾಗಿಲು ತಟ್ಟಿ ಒಳಗೆ ಬಂದವರಿಲ್ಲ, ಎಲ್ಲರೂ ನುಗ್ಗಿಯೇ ಬಂದವರು. ಅದಕ್ಕೇ ಅವಳು ವಿನೋಬನಗರದ ಇಂಜಿನಿಯರನ್ನೂ ಒಪ್ಪಿರಲಿಲ್ಲ, ಬ್ಯಾಂಕಿನವನನ್ನೂ ಒಪ್ಪಿರಲಿಲ್ಲ. ಇನ್ನು ವಿಚಾರಣೆ? ಅದು ಹೋದ ವಾರವೇ ಆಗಿಹೋಗಿತ್ತು. ಕೃಷ್ಣಪ್ಪನವರು ಯಾರಿಗೂ ತಿಳಿಯದ ಹಾಗೆ ಬಸ್ಸಿನಲ್ಲಿ ಬಂದು, ದುರ್ಗಮ್ಮನ ಅಂಗಡಿಯಲ್ಲಿ ಟೀ ಕುಡಿದು, ಎಲ್ಲ ಕೇಳಿಕೊಂಡು ಹೋಗಿದ್ದರು. ಇದು ಬೇಡವೇ ಬೇಡ ಅಂತ ಮನೆಗೆ ಹೋಗಿ ಅವಳಿಗೆ ಹೇಳಿದ್ದರು. ಯಾರ ಮನೆಗೂ ಹೋಗಲ್ಲ, ಅವನ ಮನೆಗೆ ನರಪಿಳ್ಳೆನೂ ಬರಲ್ಲ ಅಂತೆ ಅಂದಿದ್ದರು. ಅವಳು ಎರಡು ಸಲ ಕೇಳಿಸಿಕೊಂಡು, 'ಇವರೇ ಆಗ್ಲಿ ಮಾವ' ಅಂದಿದ್ದಳಂತೆ.

"ಹಾಗಾದ್ರೆ ಇವತ್ತು ಯಾಕೆ ಬಂದಿದ್ರು?"

"ಮಾತು ಕೊಡೋಕೆ ಬಂದಿದ್ರಂತೆ ಚಂದ್ರು. ಹಣ್ಣು ತಂದಿರ್ಲಿಲ್ವಾ?"

ಚಂದ್ರಹಾಸ ಬಂಡೆಯ ಮೇಲೆ ಹಾಗೇ ಕೂತ. ಹೋಟೆಲಿನಲ್ಲಿ ಅವಳು ಬಿಟ್ಟ ಉದ್ದನೆಯ ಉಸಿರು ಈಗ ಅವನಿಗೆ ಸರಿಯಾಗಿ ಕೇಳಿಸಿತು. ಅಂಥ ನೆಮ್ಮದಿಯ ಉಸಿರನ್ನು ಅವನೂ ಎಷ್ಟೋ ಸಲ ಇದೇ ಬಂಡೆಯ ಮೇಲೆ ಬಿಟ್ಟಿದ್ದ. ಅವಳಿಗೆ ಫೋನು ಮಾಡಿ, ನನಗೂ ಯಾರೂ ಬೇಡ, ಇವತ್ತು ಆಡಿದ್ದೆಲ್ಲ ಸುಳ್ಳು ಅನ್ನಲೇ ಅನಿಸಿತು. ಮಾಡಿಯೂ ಮಾಡಿದ. ಅವಳು ಎತ್ತಲಿಲ್ಲ. ಎತ್ತಿದ್ದರೂ ಯಾವುದನ್ನು ನಂಬುತ್ತಿದ್ದಳು? ಅವನು ಮೊಣಕಾಲಿಗೆ ಹಣೆಯೊತ್ತಿ ಅತ್ತ. ಬಂಡೆಯ ಕೆಳಗೆ ಜಂಬಣ್ಣ ನಿಂತಿದ್ದದ್ದು, ಆಮೇಲೆ ಮೆಲ್ಲಗೆ ಊರಿನ ಕಡೆ ಹೋದದ್ದು ಅವನಿಗೆ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡು ಕೆಳಗಿಳಿದ. ಇನ್ನೇನೂ ಬೇಡ, ಬಾಗಿಲು ಹಾಕಿ ಬೋರಲು ಬಿದ್ದುಕೊಂಡರೆ ಸಾಕಾಗಿತ್ತು. ನೋಡಿದರೆ ಮನೆಯ ದೀಪ ಹತ್ತಿದೆ, ಜಗಲಿಯ ತುಂಬ ಚಪ್ಪಲಿ. ದಿಕ್ಕು ಬದಲಾದ ಮಂಚದ ಮೇಲೆ ದುರ್ಗಮ್ಮ ಕೂತಿದ್ದಳು.

"ಜಂಬಣ್ಣ ಎಲ್ಲಾ ಹೇಳ್ದ. ಆ ಹುಡುಗಿಗೆ ಪುಣ್ಯ ಇಲ್ಲ, ಬಿಡು ಮಾರಾಯ."

ಚಂದ್ರಹಾಸ ಅಡುಗೆಮನೆಗೆ ಹೋಗಿ ಬಟ್ಟಲುಗಳನ್ನೆಲ್ಲ ತೊಳೆದು, ಒರೆಸಿ, ಮೊರದಲ್ಲಿಟ್ಟು ತಂದು ಅವರ ಮುಂದಿಟ್ಟ. ಇವನ್ನು ತೆಗೆದುಕೊಂಡು ಹೊರಟುಬಿಡಲಿ ಎಂಬುದು ಅವನ ಆಸೆ. ಹೆಂಗಸರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಯಾರಾದರೂ ಬಟ್ಟಲನ್ನು ಬರಿದಾಗಿ ವಾಪಸ್ಸು ಕೊಡುತ್ತಾರೆಯೇ? ಏನಾದರೂ ಮಾಡಿದಾಗ ಹಾಕಿಕೊಡು, ಅವಸರವಿಲ್ಲ, ನಾವೇ ಬಂದು ಬಂದು ಕೇಳುತ್ತೇವೆ ಅಂದರು. ಆಮೇಲೆ ದುರ್ಗಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು.

"ಒಬ್ನೇ ಅಂತ ಕೊರಗ್ಬೇಡ. ನಾಳೆಯಿಂದ ದಿನಾ ಒಬ್ರಲ್ಲ ಒಬ್ರು ಬಂದು ನಿನ್ನ ಹತ್ರ ಕೂತ್ಕೋತೀವಿ. ನೀನು ಬಾಗ್ಲು ಮಾತ್ರ ಹಾಕ್ಬೇಡ."

ಚಂದ್ರಹಾಸ ಎಂದಿನಂತೆ ಮುಖ ತಿರುಗಿಸಿ ಕಿಟಕಿಯಾಚೆಯ ಮರ ನೋಡಲು ಹೋದ. ಕಿಟಕಿಯ ಸರಳಿಗೆ ಮುಖವೊತ್ತಿ ವಿಶಾಲಮ್ಮ ನಿಂತಿದ್ದಳು.